ಒಂದೇ ಕುಂಬಳಕಾಯಿ ಮೂರು ಸಲ ಮಾರಾಟವಾದ ಆಲೆಮನೆ ಹಬ್ಬ

‘ಮಲೆನಾಡ ಸೊಗಡು’ ಎಂದು ಬರೆದ ಫ್ಲೆಕ್ಸ್ ಕಂಡರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುವವಳು. ಶಿವಮೊಗ್ಗದಲ್ಲಿ ಅಂಥ ಮೇಳಗಳಿಗೇನೂ ಬರವಿಲ್ಲ. ಮೈದಾನದ ಬಾಗಿಲಲ್ಲಿ ಹುಲ್ಲು ಹೊದೆಸಿದ ಗುಡಿಸಲು, ಅದರ ಮುಂದೆ ಬಾಡಿಗೆಗೆ ತಂದ ಎತ್ತಿನಗಾಡಿ, ಗಾಡಿ ಹತ್ತಿ ಫೋಟೊ ತೆಗೆಸಿಕೊಳ್ಳುವವರ ಸಾಲು. ಒಳಗೆ ಹೋದರೆ ಗೋಬಿ ಮಂಚೂರಿ. ಒಂದು ತಟ್ಟೆ ನೀರುದೋಸೆಗೆ ಕೇಳುವ ದುಡ್ಡಿನಲ್ಲಿ ಮನೆಮಂದಿಗೆಲ್ಲ ದೋಸೆ ಹೊಯ್ದು ಹಾಕಬಹುದು. ಸರ್ವೀಸೆಲ್ಲ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದೇ ಕಳೆದವಳಿಗೆ ಮೊದಲು ಕಣ್ಣಿಗೆ ಬೀಳುವುದು ಇಂಥದೇ.

ಆದ್ದರಿಂದ ಚಿಕ್ಕಮ್ಮ ಫೋನ್ ಮಾಡಿ, “ನಮ್ಮ ಶಾಲೆಯಲ್ಲಿ ಆಲೆಮನೆ ಹಬ್ಬ ಇಟ್ಟುಕೊಂಡಿದ್ದೇವೆ, ಬಾ ಮಾರಾಯ್ತಿ” ಎಂದಾಗ ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಚಿಕ್ಕಮ್ಮ ಅದನ್ನು ಹೂಂ ಎಂದೇ ತಿಳಿದುಕೊಂಡಳು. “ಬರುವಾಗ ಕ್ಯಾಲ್ಕುಲೇಟರ್ ತೆಗೆದುಕೊಂಡು ಬಾ. ಹೋದ ವರ್ಷ ದುಡ್ಡು ಎಣಿಸುವುದರೊಳಗೆ ರಾತ್ರಿ ಹನ್ನೊಂದಾಗಿತ್ತು” ಎಂದು ಸೇರಿಸಿದಳು. ಪ್ರೀತಿಯ ಕರೆಯ ಹಿಂದೆ ಕೆಲಸವೂ ಇದೆ ಎಂದು ತಿಳಿದ ಮೇಲೆ ನನಗೆ ಹೋಗುವ ಉತ್ಸಾಹ ಬಂತು. ಸುಮ್ಮನೆ ನೋಡಲು ಹೋಗುವುದು ನನ್ನಿಂದಾಗದು.

ಚಿಕ್ಕಮ್ಮನ ಊರು ಸಾಗರ–ಹೊಸನಗರ ರಸ್ತೆಯಲ್ಲಿ ಬಟ್ಟೆಮಲ್ಲಪ್ಪದಿಂದ ಒಳಕ್ಕೆ. ಬಯಲುಸೀಮೆಯಲ್ಲಿ ಕಾಣುವಂತೆ ಗೋಡೆಗೆ ಗೋಡೆ ತಾಗಿದ ಮನೆಗಳ ಕೇರಿ ಅಲ್ಲಿಲ್ಲ. ತೋಟದ ತಲೆಯಲ್ಲಿ ಒಂದು ಮನೆ. ಅಲ್ಲಿಂದ ದರೆ ಹತ್ತಿ, ಹುಲ್ಲು ಬೆಳೆಯುವ ಬ್ಯಾಣ ದಾಟಿ, ಹಳ್ಳಕ್ಕೆ ಇಳಿದು ಹತ್ತಿದರೆ ಇನ್ನೊಂದು. ಮಳೆಗಾಲದಲ್ಲಿ ಹಳ್ಳದ ಮೇಲೆ ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕವೇ ದಾರಿ. ಅದರ ಮೇಲೆ ಆರು ವರ್ಷದ ಮಗುವನ್ನು ಪಾಟಿಚೀಲದ ಸಮೇತ ದಾಟಿಸುವುದಕ್ಕೆ ದಿನಾ ಒಬ್ಬ ದೊಡ್ಡವರು ಕೆಲಸ ಬಿಟ್ಟು ಬರಬೇಕು. ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಯ ಹಳದಿ ಬಸ್ಸು ಡಾಂಬರು ರಸ್ತೆಯವರೆಗೆ ಬಂದು ನಿಲ್ಲುತ್ತದೆ. ಹೀಗಾಗಿ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮಕ್ಕಳು ಕಡಿಮೆಯಾದರು, ಮಕ್ಕಳು ಕಡಿಮೆಯಾದದ್ದಕ್ಕೆ ಶಿಕ್ಷಕರು ಕಡಿಮೆಯಾದರು, ಶಿಕ್ಷಕರಿಲ್ಲವೆಂದು ಇನ್ನಷ್ಟು ಮಕ್ಕಳು ಬಿಟ್ಟರು. ಮಲೆನಾಡಿನ ಯಾವ ಮೂಲೆಗೆ ಹೋದರೂ ಈ ಕತೆ ಒಂದೇ. ಇಲ್ಲಿಯವರು ಮಾಡಿದ ಬೇರೆ ಕೆಲಸವೆಂದರೆ, ಮನವಿಪತ್ರ ಬರೆಯುವುದರ ಜೊತೆಗೆ ಒಂದು ಹಳೆಯ ಓಮ್ನಿ ಕೊಂಡರು. ಅದು ಬೆಳಿಗ್ಗೆ ಮನೆಮನೆಯ ದಣಪೆಯ, ಅಂದರೆ ಬೇಲಿಬಾಗಿಲಿನ, ಹತ್ತಿರ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಬರುತ್ತದೆ, ಸಂಜೆ ಬಿಟ್ಟು ಬರುತ್ತದೆ. ಅದರ ಪೆಟ್ರೋಲು, ಚಾಲಕನ ಸಂಬಳ, ವಿಮೆ, ರಿಪೇರಿ, ಇಷ್ಟಕ್ಕಾಗಿ ಈ ಹಬ್ಬ.

ದುಡ್ಡು ಕೂಡಿಸಲು ಆಲೆಮನೆ ಹಬ್ಬ ಮಾಡುವುದು ಸಾಗರ, ಶಿರಸಿ, ಸಿದ್ದಾಪುರದ ಕಡೆ ಹೊಸ ಉಪಾಯವೇನಲ್ಲ. ದೇವಸ್ಥಾನದ ಮಾಡು ಸೋರಿದರೆ, ಯುವಕ ಸಂಘದ ಕಟ್ಟಡ ಅರ್ಧಕ್ಕೆ ನಿಂತರೆ, ಕಬ್ಬು ಕಡಿಯುವ ಕಾಲಕ್ಕೆ ಗಾಣ ಹೂಡಿ, ಕಬ್ಬಿನ ಹಾಲು ಕುಡಿಸಿ, ದುಡ್ಡು ಎತ್ತುತ್ತಾರೆ. ಆದರೆ ಇವರ ಕರಪತ್ರ ನನ್ನ ಮನಸ್ಸನ್ನು ಗೆದ್ದಿತು. ಒಂದು ಬದಿಯಲ್ಲಿ ಎಲ್ಲರೂ ಹಾಕುವಂಥದೇ ವಿವರ. ಹಿಂಬದಿಯಲ್ಲಿ ಹೋದ ವರ್ಷದ ಜಮಾ–ಖರ್ಚು, ಸಾಲು ಸಾಲಾಗಿ. ಟೈರಿನ ಪಂಕ್ಚರು ಕೂಡ ಬಿಟ್ಟಿರಲಿಲ್ಲ. ಅತಿಥಿಗಳ ಫೋಟೊ ಹಾಕುವ ಜಾಗದಲ್ಲಿ ಪಂಕ್ಚರಿನ ಖರ್ಚು ಹಾಕಿದ ಊರಿನವರ ಮೇಲೆ ನಂಬಿಕೆ ಬಾರದೆ ಇರುತ್ತದೆಯೇ?

ನಾನು ಶಾಲೆ ತಲುಪುವಾಗ ಹತ್ತು ಗಂಟೆಯ ಬಿಸಿಲು. ಎಂಜಿನ್ನಿನ ಸದ್ದು ಬಸ್ಸಿಳಿದು ನಡೆಯುವಾಗಲೇ ಕೇಳಿಸುತ್ತಿತ್ತು. ಗಾಣಕ್ಕೆ ಕೋಣ ಕಟ್ಟಿರಲಿಲ್ಲ, ನನಗೆ ಅದು ಸಮಾಧಾನವೇ. ಹಿಂದೆ ಕೋಣಗಳ ಜೋಡಿ ಸುತ್ತು ಬರುತ್ತಿದ್ದದ್ದು ನಿಜ. ಈಗ ಊರಿನಲ್ಲಿ ಉಳುವುದಕ್ಕೇ ಕೋಣ ಇಲ್ಲದಿರುವಾಗ, ಫೋಟೊಕ್ಕಾಗಿ ಎಲ್ಲಿಂದಲೋ ಒಂದು ಜೋಡಿ ತಂದು ಬಿಸಿಲಿನಲ್ಲಿ ತಿರುಗಿಸುವುದಕ್ಕಿಂತ ಡೀಸೆಲ್ ಎಂಜಿನ್ ಎಷ್ಟೋ ವಾಸಿ. ಗಾಣದ ಬಾಯಿಗೆ ಕಬ್ಬು ಕೊಡುವವನು ಒಬ್ಬ, ಸಿಪ್ಪೆ ಎಳೆಯುವವನು ಇನ್ನೊಬ್ಬ, ಬಟ್ಟೆ ಕಟ್ಟಿದ ಕೊಡಕ್ಕೆ ಸುರಿಯುವ ಹಾಲನ್ನು ಕಾಯುವವರು ನಾಲ್ಕನೇ ತರಗತಿಯ ಹುಡುಗರು. ಕಾಯುತ್ತಿದ್ದರೋ ಕುಡಿಯುತ್ತಿದ್ದರೋ ಲೆಕ್ಕ ಸಿಗಲಿಲ್ಲ. ಲೋಟ ಹಾಲಿಗೆ ಒಂದು ಕೂಪನ್, ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಭಜ್ಜಿ ಬೇರೆ ಬಣ್ಣದ ಕೂಪನ್. ಸಿಹಿ ಕುಡಿದು ಖಾರ ತಿಂದು, ಖಾರಕ್ಕೆ ಮತ್ತೆ ಸಿಹಿ ಕುಡಿಯುವ ಈ ಏರ್ಪಾಡು ಕಂಡುಹಿಡಿದವರು ವ್ಯಾಪಾರ ಬಲ್ಲವರು.

ಗಾಣದ ಆಚೆ ಒಲೆಯ ಮೇಲೆ ಕೊಪ್ಪರಿಗೆ. ಬೆಲ್ಲ ಕಾಯಿಸುವ ಅಣ್ಣಯ್ಯ ಮೈಕಿನ ಕಡೆಗಾಗಲಿ ಜನರ ಕಡೆಗಾಗಲಿ ತಲೆ ಎತ್ತಿದವರಲ್ಲ. ಬೆಂಡೆ ಗಿಡದ ದಂಟು ಜಜ್ಜಿ ಹಿಂಡಿದ ಲೋಳೆಯನ್ನು ಹಾಲಿಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಕೊಳೆಯೆಲ್ಲ ಕಂದು ನೊರೆಯಾಗಿ ಮೇಲೆ ಬಂತು, ಉದ್ದ ಹಿಡಿಯ ಸೌಟಿನಿಂದ ಅದನ್ನು ಬಳಿದು ತೆಗೆದರು. ಹಾಲು ಗಂಟೆಗಟ್ಟಲೆ ಕುದಿಯಬೇಕು. ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು. ಉರಿ ಹೆಚ್ಚಾಯಿತು ಎನ್ನಿಸಿದರೆ ಒಂದು ಹಿಡಿ ಎಳೆಯುವುದು, ಇಳಿಯಿತು ಎನ್ನಿಸಿದರೆ ಎರಡು ಹಿಡಿ ತುರುಕುವುದು. “ಅಚ್ಚಿನ ಬೆಲ್ಲ ಆದರೆ ಇನ್ನೂ ಕಾಯಿಸಬೇಕು. ನಮಗೆ ಬೇಕಾದದ್ದು ಜೋನಿ, ಸುರಿಯಲು ಬರುವ ನೀರು ಬೆಲ್ಲ. ಒಂದು ಗಳಿಗೆ ತಡವಾದರೂ ಡಬ್ಬಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಒಂದು ಗಳಿಗೆ ಮೊದಲು ಇಳಿಸಿದರೆ ಮಳೆಗಾಲದಲ್ಲಿ ಹುಳಿ ಬರುತ್ತದೆ” ಎಂದರು. ಯಾವಾಗ ಇಳಿಸಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಸೌಟಿನಲ್ಲಿ ಎತ್ತಿ ಬಗ್ಗಿಸಿ, ಕೊನೆಯ ತೊಟ್ಟು ಬೀಳುವ ಬಗೆಯನ್ನು ತೋರಿಸಿದರು. ನನಗೆ ಎಲ್ಲ ತೊಟ್ಟುಗಳೂ ಒಂದೇ ಥರ ಕಂಡವು. ಕೊಪ್ಪರಿಗೆ ಇಳಿಸುವ ಮೊದಲೇ ಡಬ್ಬಿಗಳೆಲ್ಲ ಮುಂಗಡ ಮಾರಾಟವಾಗಿದ್ದವು.

ಪಕ್ಕದ ಚಪ್ಪರದಲ್ಲಿ ತೊಡದೇವು. ಇದರ ಮುಂದೆ ನಾನು ಬಹಳ ಹೊತ್ತು ನಿಂತೆ, ಕೂಪನ್ ಲೆಕ್ಕದ ಕೆಲಸಕ್ಕೆ ಕರೆ ಬಂದರೂ ಹೋಗಲಿಲ್ಲ. ಅದಕ್ಕೆಂದೇ ಕಾದಿಟ್ಟ ಮಣ್ಣಿನ ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಒಳಗಿನಿಂದ ಉರಿ ಕೊಡುತ್ತಾರೆ. ಅಕ್ಕಿಯನ್ನು ಕಣ್ಣಿಗೆ ಹಚ್ಚುವಷ್ಟು ನುಣ್ಣಗೆ ರುಬ್ಬಿ, ಕಬ್ಬಿನ ಹಾಲಿನಲ್ಲಿ ನೀರು ನೀರಾಗಿ ಕಲಸಿದ ಹಿಟ್ಟು. ಕೋಲಿಗೆ ಬಟ್ಟೆ ಸುತ್ತಿಕೊಂಡು ಅದನ್ನು ಹಿಟ್ಟಿಗೆ ಅದ್ದಿ, ಮಡಕೆಯ ಬೆನ್ನಿನ ಮೇಲೆ ಎಡದಿಂದ ಬಲಕ್ಕೆ ಒಂದೇ ಸಲ ಎಳೆಯಬೇಕು. ಎರಡನೇ ಸಲ ಕೈ ಆಡಿಸಿದರೆ ಮೊದಲನೆಯದು ಎದ್ದು ಬಟ್ಟೆಗೆ ಅಂಟುತ್ತದೆ. ಎಳೆದ ಕೂಡಲೇ ಚುರ್ ಎಂಬ ಸದ್ದು, ಆಮೇಲೆ ಅಂಚು ತಾನಾಗಿ ಬಿಡಿಸಿಕೊಂಡು ಮೇಲೇಳುತ್ತದೆ. ಬೆರಳ ತುದಿಯಲ್ಲಿ ಹಿಡಿದು ಎತ್ತಿದರೆ ಆಚೆ ಬದಿಯ ಬೆಂಕಿ ಕಾಣುವಷ್ಟು ತೆಳು, ಈರುಳ್ಳಿಯ ಒಳಸಿಪ್ಪೆಯ ಹಾಗೆ. ಬಿಸಿ ಇರುವಾಗಲೇ ಸಕ್ಕರೆ–ಏಲಕ್ಕಿ ಪುಡಿ ಉದುರಿಸಿ ಮಡಚಬೇಕು, ಆರಿದರೆ ಪುಡಿಪುಡಿ.

ಮಾಡುತ್ತಿದ್ದವರು ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ. ಅವರ ಎಡಗೈ ಕೋಲು ಹಿಡಿದರೆ ಬಲಗೈ ಎತ್ತುವುದು, ಒಂದರ ಹಿಂದೆ ಒಂದು. ಮಾತಿಗೂ ಕೈಗೂ ಸಂಬಂಧವೇ ಇಲ್ಲದ ಹಾಗೆ ಪಕ್ಕದವರ ಜೊತೆ ಯಾರದೋ ಮದುವೆಯ ವಿಷಯ ಮಾತಾಡುತ್ತಲೇ ಇದ್ದರು. ಕಾರಿನಲ್ಲಿ ಬಂದಿದ್ದ ಒಬ್ಬರು ಮೊಬೈಲ್ ಹತ್ತಿರ ಹಿಡಿದು, “ಅಜ್ಜಿ, ಇನ್ನೊಂದು ಸಲ ನಿಧಾನಕ್ಕೆ ಮಾಡಿ ತೋರಿಸಿ” ಎಂದರು. “ನಿಧಾನಕ್ಕೆ ಮಾಡಿದರೆ ಅದು ದೋಸೆಯಾಗುತ್ತದೆ ತಮ್ಮಾ” ಎಂದು ಅವರು ಕೋಲು ನಿಲ್ಲಿಸದೆ ಹೇಳಿದರು. ಆತ ನಕ್ಕು ಎರಡು ಕಟ್ಟು ಕೊಂಡರು. ಚೌಕಾಸಿ ಮಾಡಲಿಲ್ಲ, ಅದಕ್ಕೆ ಅವರ ಮೊಬೈಲನ್ನು ನಾನು ಮನ್ನಿಸಿದೆ.

ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಅಪ್ಪೆಮಿಡಿಯ ಮುಂದೆ ಮಾತ್ರ ಬೇರೆಯದೇ ವಾತಾವರಣ. ಅಲ್ಲಿ ನಗು ಇಲ್ಲ, ಫೋಟೊ ಇಲ್ಲ, ಎಲ್ಲರೂ ಗಂಭೀರ. ಫೆಬ್ರುವರಿಯ ಮಿಡಿ ಎಂದರೆ ಮೊದಲ ಕೊಯ್ಲು. ಕೊಳ್ಳುವವರು ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಆಮೇಲೆ ಬೆಲೆ ಕೇಳುತ್ತಾರೆ. ಜೀರಿಗೆಯ ವಾಸನೆಯದು ಒಂದು, ಕರ್ಪೂರದ ವಾಸನೆಯದು ಇನ್ನೊಂದು. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ ಎಂದು ಬುಟ್ಟಿಗೊಂದು ಹೆಸರು. ಅಲ್ಲೇ ಹತ್ತಿರದ ಪುರಪ್ಪೆಮನೆಯ ಹೆಸರಿನ ತಳಿಯೂ ಇದೆ. ಹೊಳೆದಂಡೆಯ ಒಂದೇ ಒಂದು ಮರಕ್ಕೆ ಹೆಸರು ಬಂದು, ಅದರ ಕಡ್ಡಿ ಕಸಿ ಕಟ್ಟಿ ಊರೂರಿಗೆ ಹಬ್ಬಿದ ತಳಿಗಳು ಇವು. ಒಂದು ಬುಟ್ಟಿಯ ಮುಂದೆ ಚಿಕ್ಕಮ್ಮ ಕೂತು ಪ್ರತಿ ಮಿಡಿಯ ತೊಟ್ಟು ಪರೀಕ್ಷಿಸುತ್ತಿದ್ದಳು. ಮರದಿಂದ ಉದುರಿಸಿದ್ದು ನೆಲಕ್ಕೆ ಬಿದ್ದು ಪೆಟ್ಟಾಗಿದ್ದರೆ ಇಡೀ ಭರಣಿ ಕೆಡುತ್ತದೆ. ಬಲೆ ಕಟ್ಟಿದ ಕೊಕ್ಕೆಯಿಂದ ಕೊಯ್ದು ಹಗ್ಗದಲ್ಲಿ ಇಳಿಸಿದ್ದೇ ಆಗಬೇಕು. “ಶಾಲೆಗೆ ಎಂದು ದಾನ ಕೊಟ್ಟದ್ದು ಚಿಕ್ಕಮ್ಮಾ, ಹೀಗೆ ಪರೀಕ್ಷೆ ಮಾಡುತ್ತಾರೆಯೇ?” ಎಂದೆ. “ದಾನ ಕೊಟ್ಟವರು ಅವರು. ಉಪ್ಪಿನಕಾಯಿ ಹಾಕುವವಳು ನಾನು” ಎಂದಳು.

ಒಂದನೇ ತರಗತಿಯ ಕೋಣೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇತ್ತು. ಕಂಬಳಿಕೊಪ್ಪೆ, ಗೊರಬು, ಕೊಳಗ, ಕಡೆಗೋಲು, ಹಾಳೆಟೊಪ್ಪಿ, ಮೆಟ್ಟುಗತ್ತಿ. ಮಕ್ಕಳು ದುಂಡಗೆ ಬರೆದ ಚೀಟಿ ಒಂದೊಂದಕ್ಕೂ: ‘ಹಿಂದಿನ ಕಾಲದಲ್ಲಿ ಇದನ್ನು ಬಳಸುತ್ತಿದ್ದರು’. ಮಧ್ಯಾಹ್ನ ಅಡಿಕೆ ಸುಲಿಯುವ ಸ್ಪರ್ಧೆಗೆ ಕತ್ತಿ ಸಾಲದೆ ಬಂದಾಗ ಯಾರೋ ಬಂದು ಆ ಮೆಟ್ಟುಗತ್ತಿಯನ್ನು ಎತ್ತಿಕೊಂಡು ಹೋದರು. ಚೀಟಿ ಮಾತ್ರ ಬೆಂಚಿನ ಮೇಲೆ ಉಳಿಯಿತು. ಸುಲಿಯುವ ಯಂತ್ರ ಬಂದು ಬಹಳ ಕಾಲವಾಯಿತು ನಿಜ. ಆದರೂ ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸುವ ದಿನಗಳಲ್ಲಿ ಆ ಕತ್ತಿಯ ಮೇಲೆ ಕೂರುವವರು ಈಗಲೂ ಇದ್ದಾರೆ. ಸ್ಪರ್ಧೆಯಲ್ಲಿ ಗೆದ್ದವಳು ಬಹುಮಾನದ ಸ್ಟೀಲು ಡಬ್ಬಿ ಹಿಡಿದುಕೊಂಡೇ, “ಸುಲಿದ ಅಡಿಕೆಯ ಕೂಲಿ ಯಾರು ಕೊಡುತ್ತಾರೆ?” ಎಂದು ಮೈಕಿನಲ್ಲಿ ಕೇಳಿದಳು. ಜನ ನಕ್ಕರು. ಅವಳು ನಗಲಿಲ್ಲ. ಅಡಿಕೆ ಕೊಟ್ಟ ಮನೆಯವರು ಕೂಲಿಯ ದುಡ್ಡನ್ನು ಓಮ್ನಿಯ ಲೆಕ್ಕಕ್ಕೆ ಹಾಕುವುದಾಗಿ ಹೇಳಿದರು. ನನ್ನನ್ನು ಕೇಳಿದರೆ ಆ ದುಡ್ಡು ಅವಳ ಕೈಗೇ ಹೋಗಬೇಕಿತ್ತು. ದಾನ ಕೊಡುವುದೋ ಬಿಡುವುದೋ ಅವಳ ಇಷ್ಟ.

ಜಗಲಿಯಲ್ಲಿ ಭೂಮಣ್ಣಿ ಬುಟ್ಟಿಗಳನ್ನು ಬರೆಯುತ್ತಿದ್ದ ಹೆಂಗಸರು ತುಮರಿಯ ಕಡೆಯವರು, ಶರಾವತಿ ಹಿನ್ನೀರಿನ ಆಚೆಯವರು. ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊತ್ತುಕೊಂಡು ಹೋಗುವ ಬುಟ್ಟಿ ಅದು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚ ಎಂದರೆ ಜಜ್ಜಿದ ಪುಂಡಿ ನಾರು. ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಗೆರೆಗಳೇ ಇಲ್ಲಿ ಬುಟ್ಟಿಯ ಸುತ್ತ ಬರುತ್ತವೆ: ಗೆರೆ ಪಕ್ಕ ಗೆರೆ, ಅಳತೆಪಟ್ಟಿ ಇಲ್ಲದೆ ನೇರ. ಬಿಳಿಗೆ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬಣ್ಣದ ಅಂಗಡಿಯ ಬಿಲ್ಲು ಇಲ್ಲ.

ಅವರಲ್ಲಿ ಹಿರಿಯಾಕೆಯನ್ನು, ಅಷ್ಟು ದೂರದಿಂದ ಇಲ್ಲಿಯ ಶಾಲೆಗಾಗಿ ಬಂದಿರಲ್ಲ ಎಂದು ಕೇಳಿದೆ. ಅವರ ಅಕ್ಕನ ಮಗಳನ್ನು ಈ ಊರಿಗೆ ಕೊಟ್ಟಿದೆಯಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆ ಕಡೆಯವರಿಗೆ ಸಾಗರಕ್ಕೆ ಬರಬೇಕೆಂದರೆ ಲಾಂಚೇ ಗತಿಯಾಗಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. “ಮೊದಲಾದರೆ ಯಾರ ಮನೆಯ ಊಟಕ್ಕೆ ಬಂದರೂ ಸಂಜೆಯ ಲಾಂಚು ತಪ್ಪೀತು ಎಂದು ಪಾಯಸ ಬಿಟ್ಟು ಏಳುತ್ತಿದ್ದೆವು. ಈಗ ಕೂತುಕೊಳ್ಳಬಹುದು” ಎಂದರು. ಸೇತುವೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿದ್ದಕ್ಕಿಂತ ಈ ಪಾಯಸದ ಮಾತು ನನಗೆ ಹೆಚ್ಚು ತಿಳಿಸಿತು. ಅವರು ಸಂಜೆಯ ಸವಾಲು, ಅಂದರೆ ಹರಾಜು, ಮುಗಿಯುವವರೆಗೂ ಕೂತರು.

ಗೇಟಿನ ಬಳಿ ಆರೋಗ್ಯ ಇಲಾಖೆಯ ಇಬ್ಬರು ಒಂದು ಮೇಜು ಹಾಕಿಕೊಂಡಿದ್ದರು. ಮಂಗನ ಕಾಯಿಲೆಯ ಚಿತ್ರಪಟ, ಮೈಗೆ ಹಚ್ಚುವ ಎಣ್ಣೆಯ ಬಾಟಲಿಗಳು. ಹಬ್ಬದಲ್ಲಿ ಕಾಯಿಲೆಯ ಮಾತು ಬೇಕೇ ಎಂದು ಮೂಗು ಮುರಿದವರಿದ್ದರು. ನನಗೇನೋ ಅದು ಇದ್ದದ್ದೇ ಸರಿ ಎನ್ನಿಸಿತು. 1957ರಲ್ಲಿ ಈ ರೋಗ ಮೊದಲು ಗುರುತಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಕಾಡಿನ ಹೆಸರೇ ರೋಗಕ್ಕೆ ಇದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಸಾವುಗಳಾದಾಗ ಇಲ್ಲಿಯವರು ತಿಂಗಳುಗಟ್ಟಲೆ ಕಾಡಿಗೆ ಕಾಲಿಡಲು ಹೆದರಿದ್ದರು. ಈ ರೋಗ ಹರಡುವ ಉಣುಗು, ಅಂದರೆ ಉಣ್ಣೆ ಹುಳ, ಹೆಚ್ಚಾಗುವುದು ಡಿಸೆಂಬರಿನಿಂದ ಮೇವರೆಗೆ. ಕೊಟ್ಟಿಗೆಗೆ ತರಗೆಲೆ ಗುಡಿಸುವುದು, ಸೌದೆ ತರುವುದು, ಮಿಡಿ ಕೊಯ್ಯುವುದು ಎಲ್ಲ ಅದೇ ತಿಂಗಳುಗಳಲ್ಲಿ. ಒಳಗೆ ಬುಟ್ಟಿಯಲ್ಲಿ ಘಮಘಮಿಸುವ ಮಿಡಿಯನ್ನು ಕೊಯ್ದವನ ಕಾಲಿಗೆ ಈ ಎಣ್ಣೆ ಹಚ್ಚಿರಬೇಕು. ಮಧ್ಯಾಹ್ನದವರೆಗೆ ಆ ಮೇಜಿಗೆ ಯಾರೂ ಹೋಗಿರಲಿಲ್ಲ. ಆಮೇಲೆ ಮುಖ್ಯೋಪಾಧ್ಯಾಯಿನಿ ಮೇಜನ್ನೇ ಎತ್ತಿಸಿ ಕಬ್ಬಿನ ಹಾಲಿನ ಸಾಲಿನ ಪಕ್ಕಕ್ಕೆ ಇಡಿಸಿದರು. ಸಾಲಿನಲ್ಲಿ ನಿಂತವರು ಬೇರೆ ಕೆಲಸವಿಲ್ಲದೆ ಓದಿದರು, ಬಾಟಲಿಗಳು ಸಂಜೆಗೆ ಖಾಲಿ. ದಾವಣಗೆರೆ ಕಡೆಯಿಂದ ಬಂದ ಹೆಣ್ಣುಮಗಳು, ಊರನ್ನು ಊರಿನವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ.

ಊಟದ ವಿಷಯದಲ್ಲಿ ನನ್ನದೊಂದು ತಕರಾರಿದೆ. ಊಟ ಕೆಟ್ಟದಾಗಿತ್ತೆಂದಲ್ಲ. ಬಾಳೆಲೆಯಲ್ಲಿ ಕಡುಬು, ಅಪ್ಪೆಹುಳಿ, ಕಳಲೆ ಪಲ್ಯ, ಒಂದೆಲಗದ ತಂಬುಳಿ, ಯಾವುದಕ್ಕೂ ಹೆಸರಿಡುವ ಹಾಗಿರಲಿಲ್ಲ. ಆದರೆ ‘ಮಲೆನಾಡ ಊಟ’ ಎಂದು ಬೋರ್ಡು ಬರೆದ ಮೇಲೆ ಹೊಳೆ ಮೀನಿಲ್ಲ, ಏಡಿ ಸಾರಿಲ್ಲ, ಕೋಳಿ ಸಾರಿನ ಜೊತೆ ಕಡುಬಿಲ್ಲ ಎಂದರೆ ಅರ್ಧ ಮಲೆನಾಡನ್ನು ಗೇಟಿನ ಹೊರಗೆ ನಿಲ್ಲಿಸಿದ ಹಾಗಾಯಿತು. ಬುಟ್ಟಿ ಬರೆಯಲು ಕರೆಯುತ್ತೇವೆ, ಅವರ ಮನೆಯ ಸಾರು ಬೇಡ ಎನ್ನುತ್ತೇವೆ. ಸಮಿತಿಯ ಅಧ್ಯಕ್ಷರ ಮುಂದೆ ಹೀಗೆಂದೆ. ಅವರು ಸುತ್ತ ನೋಡಿ, “ಶಾಲೆಯ ಆವರಣ ಅಲ್ಲವೇ ಅಕ್ಕಾ...” ಎಂದು ಎಳೆದರು. ಮಧ್ಯಾಹ್ನದ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು ಇದೇ ಆವರಣದಲ್ಲಿ ತಾನೇ ಎಂದೆ. ಮುಂದಿನ ವರ್ಷ ನೋಡೋಣ ಎಂದರು. ಬರೆದಿಟ್ಟುಕೊಂಡಿದ್ದೇನೆ.

ಸಂಜೆ ನಾಲ್ಕಕ್ಕೆ ಸವಾಲು. ಗಣಪತಿ ಹಬ್ಬದಲ್ಲಿ ದೇವರ ಮೇಲೆ ಕಟ್ಟಿದ ಹಣ್ಣು–ಕಾಯಿಗಳ ಫಲಾವಳಿಯನ್ನು ಸವಾಲು ಕೂಗಿ ಮಾರುವುದನ್ನು ನೋಡಿದವರಿಗೆ ಇದರ ಗಮ್ಮತ್ತು ಹೇಳಬೇಕಾಗಿಲ್ಲ. ಇಲ್ಲಿ ಬೆಲೆಗೂ ವಸ್ತುವಿಗೂ ಸಂಬಂಧವಿಲ್ಲ. ಪೇಟೆಯಲ್ಲಿ ಮೂವತ್ತು ರೂಪಾಯಿಗೆ ಸಿಗುವ ಸೌತೆಕಾಯಿ ಮುನ್ನೂರಕ್ಕೆ ಹೋಗುತ್ತದೆ, ಕೊಂಡವನು ಗೆದ್ದವನ ಹಾಗೆ ಎತ್ತಿ ಹಿಡಿಯುತ್ತಾನೆ. ಪ್ರತಿ ಮನೆಯವರೂ ಏನಾದರೂ ಕೊಟ್ಟಿದ್ದರು. ಬಾಳೆಗೊನೆ, ಜೇನಿನ ಬಾಟಲಿ, ವೀಳ್ಯದೆಲೆಯ ಕವಳೆ, ಕಾಳುಮೆಣಸು, ಒಂದು ಜೊತೆ ಹಾಳೆತಟ್ಟೆಯ ಕಟ್ಟು. ತಮ್ಮ ಮನೆಯದನ್ನು ತಾವೇ ಕೂಗಿ ಕೊಂಡವರೂ ಇದ್ದರು. ಹೊರಗಿನಿಂದ ನೋಡಿದರೆ ಇದೇನು ಹುಚ್ಚು ಎನ್ನಿಸಬೇಕು: ತೋಟದಿಂದ ತಂದು ಕೊಟ್ಟು, ಅದನ್ನೇ ದುಡ್ಡು ಕೊಟ್ಟು ಮನೆಗೆ ಒಯ್ಯುವುದು! ಬರೀ ದುಡ್ಡು ಕೊಡಿ ಎಂದು ಮನೆಮನೆಗೆ ಹೋಗಿದ್ದರೆ ಇದೇ ಜನ ನೂರು ರೂಪಾಯಿ ಕೊಟ್ಟು ಕಳಿಸುತ್ತಿದ್ದರು ಎಂದು ಖಜಾಂಚಿ ಹೇಳಿದರು. ಅವರು ಹಾಗೂ ಮಾಡಿ ನೋಡಿದವರೇ.

ಸವಾಲಿನಲ್ಲಿ ನನಗೆ ಸಿಟ್ಟು ತರಿಸುತ್ತಿದ್ದ ಒಂದು ಸಂಗತಿ ಇತ್ತು. ಬೆಳಿಗ್ಗೆಯಿಂದ ಒಲೆಯ ಮುಂದೆ, ಎಲೆಯ ಮುಂದೆ, ಮಡಕೆಯ ಮುಂದೆ ಹೆಂಗಸರೇ. ಮೈಕು ಬಂದ ಮೇಲೆ ಗಂಡಸರೇ. ಹೆಂಗಸರಿಗೆ ಏನಾದರೂ ಬೇಕೆನ್ನಿಸಿದರೆ ಗಂಡನ ಬೆನ್ನಿಗೆ ತಿವಿದು ಕೂಗಿಸುವುದು. ದೊಡ್ಡದೊಂದು ಸಿಹಿಕುಂಬಳಕಾಯಿ ಮೇಜಿಗೆ ಬಂತು. ಬೂದಿ ಮೆತ್ತಿದ ಹಸಿರು, ಹುಡುಗರಿಬ್ಬರು ಎತ್ತಬೇಕಾದಷ್ಟು ಭಾರ. ಇನ್ನೂರರಿಂದ ಶುರುವಾಗಿ ಏಳುನೂರಕ್ಕೆ ಒಬ್ಬರಿಗೆ ನಿಂತಿತು. ಅವರು ಅದನ್ನು ಮುಟ್ಟಿ, “ಶಾಲೆಗೇ ಇರಲಿ, ಮತ್ತೆ ಕೂಗಿ” ಎಂದರು. ಎರಡನೇ ಸಲ ಸಾವಿರದ ನೂರು. ಕೊಂಡವರು, ಮೊದಲಿನವರಿಗಿಂತ ತಾನೇನು ಕಡಿಮೆ ಎಂಬಂತೆ, ಅವರೂ ವಾಪಸು ಕೊಟ್ಟರು. ಮೂರನೇ ಸಲ ಬಂದಾಗ ಕೂಗುವವನ ಗಂಟಲು ಕಟ್ಟಿತ್ತು.

“ಐನೂರು!” ಎಂದರು ಯಾರೋ.

“ಸಾವಿರ” ಎಂದು ಹೆಂಗಸಿನ ದನಿ. ತಿರುಗಿ ನೋಡಿದರೆ ನನ್ನ ಚಿಕ್ಕಮ್ಮ, ಮಿಡಿಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಲ್ಲಿಂದಲೇ. ಚಿಕ್ಕಪ್ಪ ಎಲ್ಲೋ ಬೆಲ್ಲದ ಡಬ್ಬಿ ಕಾಯುತ್ತಿದ್ದರು. ಕೂಗುವವನು ಒಂದು ಕ್ಷಣ ತಡವರಿಸಿ, “ಸಾವಿರ, ದೊಡ್ಡಮ್ಮ, ಒಂದು ಸಲ...” ಎಂದ.

“ಸಾವಿರದ ಇನ್ನೂರು” ಎಂದರು ಹಿಂದಿನ ಸಾಲಿನ ಅಡಿಕೆ ವ್ಯಾಪಾರಿ.

“ಸಾವಿರದ ಐನೂರು.”

“ಎರಡು ಸಾವಿರ.”

“ಎರಡು ಸಾವಿರದ ಒಂದು” ಎಂದಳು ಚಿಕ್ಕಮ್ಮ. ಆ ಒಂದು ರೂಪಾಯಿಗೆ ಜನ ಚಪ್ಪಾಳೆ ತಟ್ಟಿದರು, ವ್ಯಾಪಾರಿ ಕೈ ಮುಗಿದು ಕೂತರು. ಚಿಕ್ಕಮ್ಮ ಅದನ್ನು ವಾಪಸು ಕೊಡಲಿಲ್ಲ. “ಮೂರು ಜನ ಕೊಟ್ಟದ್ದು ಸಾಕು, ನನಗೆ ನಾಳೆ ಕಡುಬಿಗೆ ಬೇಕು” ಎಂದು ಹುಡುಗರ ಕೈಯಲ್ಲಿ ಹೊರಿಸಿದಳು. ಅದಾದ ಮೇಲೆ ಹೆಂಗಸರ ಸಾಲಿನಿಂದ ಕೂಗು ನಿಲ್ಲಲೇ ಇಲ್ಲ. ಜೇನಿನ ಬಾಟಲಿಗೆ ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಕೂಗಿ, ಒಂದೇ ಮನೆಯವರೆಂದು ಯಾರೋ ನೆನಪಿಸಬೇಕಾಯಿತು. “ಆದರೇನು, ಕೂಗಲಿ ಬಿಡಿ” ಎಂದರು ಖಜಾಂಚಿ.

ಕತ್ತಲಾದ ಮೇಲೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ನನ್ನ ಕೆಲಸ. ಕೂಪನ್ನಿನ ಬಣ್ಣಕ್ಕೊಂದು ತಟ್ಟೆ. ಹತ್ತರ ನೋಟು, ಇಪ್ಪತ್ತರ ನೋಟು, ಬೆಲ್ಲ ಅಂಟಿದ ನೋಟು ಬೇರೆ. ಮೊಬೈಲಿನಲ್ಲಿ ಬಂದ ದುಡ್ಡಿನದೇ ಒಂದು ಕತೆ. ಶಾಲೆಯ ಆವರಣದಲ್ಲಿ ನೆಟ್‌ವರ್ಕ್ ಸಿಗುವುದು ಮೂಲೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಆದ್ದರಿಂದ ಕ್ಯೂಆರ್ ಕೋಡನ್ನು ಆ ಮರಕ್ಕೇ ಕಟ್ಟಿದ್ದರು. ದುಡ್ಡು ಹಾಕುವವರು ಅಲ್ಲಿಗೆ ನಡೆದು ಹೋಗಬೇಕು, ಪಕ್ಕದಲ್ಲಿ ನಿಂತ ಹೈಸ್ಕೂಲು ಹುಡುಗ ಖಾತೆ ನೋಡಿ “ಬಂತು!” ಎಂದು ಕೂಗಬೇಕು, ಆ ಕೂಗು ಕೇಳಿದ ಮೇಲೆ ಕೂಪನ್. ಹುಡುಗ ತಾನಾಗಿಯೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದನ್ನೂ ಬರೆದಿಟ್ಟಿದ್ದ. ಬ್ಯಾಂಕಿನ ಸಂದೇಶಗಳಿಗೂ ಅವನ ನೋಟ್‌ಬುಕ್ಕಿಗೂ ಒಂದು ಪೈಸೆ ವ್ಯತ್ಯಾಸ ಬರಲಿಲ್ಲ. ಅವನಿಗೆ ಯಾರಾದರೂ ಬಿ.ಕಾಂ. ಓದಿಸಬೇಕು.

ನಗದು ಕೂಡ ಕೂಪನ್ನಿಗೆ ತಾಳೆಯಾಯಿತು. ತೊಡಕು ಬಂದದ್ದು ಸವಾಲಿನಲ್ಲಿ. ಕೂಗಿದ ಮೊತ್ತವೇ ಬೇರೆ, ಪೆಟ್ಟಿಗೆಯಲ್ಲಿರುವ ದುಡ್ಡೇ ಬೇರೆ, ಅಂತರ ಸಣ್ಣದಲ್ಲ.

“ಅದು ಬಾಕಿ ಅಕ್ಕಾ. ಸವಾಲಿನ ದುಡ್ಡನ್ನು ಅವತ್ತೇ ಯಾರೂ ಕೊಡುವುದಿಲ್ಲ. ಅಡಿಕೆ ಮಾರಿದ ಮೇಲೆ ಕೊಡುತ್ತಾರೆ” ಎಂದರು ಖಜಾಂಚಿ, ನಾನೇ ಏನೋ ಹೊಸದು ಕೇಳಿದೆ ಎಂಬಂತೆ.

“ಬರೆದಿಟ್ಟುಕೊಂಡಿದ್ದೀರಾ?”

“ಬರೆಯುವುದೇನು? ಎಲ್ಲರ ಎದುರಿಗೇ ಕೂಗಿದ್ದಲ್ಲವೇ? ಎಲ್ಲಿಗೆ ಹೋಗುತ್ತಾರೆ?”

“ಹೋದ ವರ್ಷದ್ದು ಪೂರ್ತಿ ಬಂದಿದೆಯೇ?”

ಖಜಾಂಚಿ ಮುಖ್ಯೋಪಾಧ್ಯಾಯಿನಿಯನ್ನು ನೋಡಿದರು, ಅವರು ಗೋಡೆಯ ಮೇಲಿನ ಕರ್ನಾಟಕದ ನಕಾಶೆಯನ್ನು ನೋಡಿದರು. ಪಂಕ್ಚರಿನ ಲೆಕ್ಕ ಅಚ್ಚು ಹಾಕಿಸಿದವರು ಬಾಕಿಯ ಲೆಕ್ಕವನ್ನು ಬಾಯಿಯಲ್ಲಿ ಇಟ್ಟುಕೊಂಡಿದ್ದರು! ನಾನು ಒಂದು ಖಾಲಿ ಹಾಜರಿ ಪುಸ್ತಕ ತರಿಸಿ, ಗೆರೆ ಎಳೆದು, ಹೆಸರು, ವಸ್ತು, ಮೊತ್ತ, ಕೊಟ್ಟ ತಾರೀಕು ಎಂದು ನಾಲ್ಕು ಕಲಂ ಮಾಡಿದೆ. ಕೂಗಿದವನನ್ನು ಕರೆಸಿ ಕೂರಿಸಿಕೊಂಡರೆ, ಅವನಿಗೆ ಪ್ರತಿಯೊಂದೂ ಬಾಯಿಪಾಠ. ಯಾರು, ಯಾವುದಕ್ಕೆ, ಎಷ್ಟರಿಂದ ಎಷ್ಟಕ್ಕೆ, ಯಾರ ಎದುರು, ಎಲ್ಲ. ಅವನು ಹೇಳುತ್ತಾ ಹೋದಂತೆ ಖಜಾಂಚಿಯ ಮುಖ ಗಟ್ಟಿಯಾಗುತ್ತಿತ್ತು. ಊರಿನಲ್ಲಿ ಮರ್ಯಾದೆಯ ಮೇಲೆ ನಡೆಯುವುದನ್ನು ಪುಸ್ತಕಕ್ಕೆ ಏರಿಸಿದರೆ ಜನ ಬೇಸರ ಮಾಡಿಕೊಳ್ಳುತ್ತಾರೆ, ಮುಂದಿನ ವರ್ಷ ಕೂಗುವುದಿಲ್ಲ ಎಂಬುದು ಅವರ ಅಂಜಿಕೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಚಾಲಕನ ಸಂಬಳವನ್ನು ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಎನ್ನಲು ಬರುತ್ತದೆಯೇ? ಜೂನ್ ತಿಂಗಳ ಮೊದಲ ದಿನ ಓಮ್ನಿ ದಣಪೆಯ ಹತ್ತಿರ ನಿಲ್ಲಬೇಕು.

ಕೊನೆಗೆ ರಾಜಿಯಾಯಿತು. ಪುಸ್ತಕ ಇರುತ್ತದೆ, ಗೋಡೆಗೆ ಅಂಟಿಸುವುದಿಲ್ಲ, ಕರಪತ್ರದಲ್ಲಿ ಬಾಕಿಯ ಒಟ್ಟು ಮೊತ್ತ ಮಾತ್ರ, ಹೆಸರಿಲ್ಲದೆ. ಯುಗಾದಿಯೊಳಗೆ ಕೊಟ್ಟವರಿಗೆ ರಸೀದಿ.

ಪುಸ್ತಕದ ಮೊದಲನೇ ಸಾಲಿನಲ್ಲಿ ಯಾರ ಹೆಸರು ಬರೆಯಲಿ ಎಂದು ಅವರಿಬ್ಬರೂ ಹಿಂದೆ ಮುಂದೆ ನೋಡುತ್ತಿದ್ದಾಗ ನಾನು ಬಾಗಿಲ ಕಡೆ ಕೂಗಿದೆ. ಚಿಕ್ಕಮ್ಮ ಬಂದಳು, ಕೈಯಲ್ಲಿ ಟಾರ್ಚು.

“ಕುಂಬಳಕಾಯಿಯದು ಎರಡು ಸಾವಿರದ ಒಂದು ರೂಪಾಯಿ ಬಾಕಿ ಇದೆ” ಎಂದೆ.

“ಬರೆದುಕೋ” ಎಂದು ಅವಳು ಒಂದು ರೂಪಾಯಿಯ ನಾಣ್ಯ ಮೇಜಿನ ಮೇಲಿಟ್ಟಳು. “ಇದನ್ನು ಜಮಾ ಹಾಕು. ಉಳಿದದ್ದು ಅಡಿಕೆ ಮಾರಿದ ಮೇಲೆ.”